ಅಜ್ಜಿಯ ಉದ್ದ ತೋಳು

"ನಕ್ಕೋ, ಬ್ಯಾಡ! ಮುಟ್ಟಬ್ಯಾಡ!"

ಖೋ ಕೊಡಲು ಶೀತಲ ಕೈ ಚಾಚಿದ್ದೇ ತಡ, ಸಾಲಿನಲ್ಲಿ ಕುಳಿತಿದ್ದ ಸುವರ್ಣಾ ಮಿಡತೆಯಂತೆ ಹಾರಿ ನಿಂತಳು. "ನಿನ್ನ ಮೊಣಕೈಗೆ ಹುಳಕಡ್ಡಿ ಆಗೇತಿ. ನಮಗೂ ಅಂಟತೈತಿ!"

ಮೆಹದಿಪಟ್ಟಣಂನ ಆ ಕಾಲೊನಿಯಲ್ಲಿ ಶೀತಲಳಷ್ಟು ಜೋರಾಗಿ ಓಡುವ ಹುಡುಗಿ ಇನ್ನೊಬ್ಬಳಿರಲಿಲ್ಲ. ಭಾನುವಾರ ಮ್ಯಾಚ್ ಬೇರೆ ಇತ್ತು. ಆದರೆ ಖೋ ಕೊಡಬೇಕಾದರೆ ಬೆನ್ನು ಮುಟ್ಟಲೇಬೇಕಲ್ಲ! ಶೀತಲಳಿಗೆ ಅಳು ಬಂತು.

ಮರುದಿನ ಗಿರಿಜಾಬಾಯಿ ಅಜ್ಜಿ ಅವಳನ್ನು ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಈ ಅಜ್ಜಿಗೊಂದು ಚಾಳಿ. ಮೊಮ್ಮಗಳನ್ನು ಯಾರು ಹೊಗಳಿದರೂ ಅದು ತನ್ನ ಮನೆತನದ್ದೇ. ಕೂದಲು ದಟ್ಟವೇ? "ನಮ್ಮ ಮನೆತನದ್ದು." ಓಟ ಜೋರೇ? "ಅದೂ ನಮ್ಮದ." "ಹಂಗಾದ್ರ ಈಕಿ ಹಟಾ ಯಾರದ್ರೀ?" ಎಂದು ಅಮ್ಮ ಕೇಳಿದರೆ ಮಾತ್ರ ಅಜ್ಜಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ.

ಡಾಕ್ಟರ್ ಮಂದಾಕಿನಿ ಬೀದರ್ ಕಡೆಯವರು. ಮೊಣಕೈಯ ಕೆಂಪು ಕಲೆಯನ್ನೂ ಅದರ ಮೇಲಿನ ಬಿಳಿ ಹೊಟ್ಟನ್ನೂ ದಿಟ್ಟಿಸಿ ನೋಡಿದರು. "ಇದು ಹುಳಕಡ್ಡಿ ಹಂಗ ಕಾಣಂಗಿಲ್ಲ. ಮನ್ಯಾಗ ಮತ್ತ ಯಾರಿಗರ ಹಿಂಗ ಐತೇನ್ರಿ?"

"ಛೇ ಛೇ! ನಮ್ಮ ಮನೆತನದಾಗ ಯಾರಿಗೂ ಇಲ್ರಿ," ಎಂದ ಅಜ್ಜಿ ತನ್ನ ರವಿಕೆಯ ಉದ್ದ ತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡಳು.

"ಹಂಗಾದ್ರ ನನಗಷ್ಟ ಯಾಕ್ರಿ?" ಶೀತಲಳ ಕಣ್ಣು ತುಂಬಿತು. "ನನ್ನ ಕೈಲೆ ಯಾರೂ ಮುಟ್ಟಿಸ್ಕೊಳ್ಳಂಗಿಲ್ಲ. ಟೀಮ್‌ನಿಂದ ತಗದಬಿಡ್ತಾರ್ರಿ."

ಅಜ್ಜಿ ರವಿಕೆಯ ತೋಳನ್ನು ನಿಧಾನವಾಗಿ ಮೇಲೆ ಸರಿಸಿದಳು. ಅವಳ ಮೊಣಕೈಯಲ್ಲೂ ಅದೇ ಕೆಂಪು, ಅದೇ ಹೊಟ್ಟು.

"ಇದೂ ನಮ್ಮ ಮನೆತನದ್ದ ನೋಡ್ರಿ," ಎಂದಳು ಸಣ್ಣ ದನಿಯಲ್ಲಿ.

"ಹೇಳಿದ್ದು ಭಾಳ ಛಲೋ ಆತು," ಎಂದರು ಡಾಕ್ಟರ್. "ಇದು ಸೋರಿಯಾಸಿಸ್. ಮುಟ್ಟಿದ್ರ ಅಂಟಂಗಿಲ್ಲ. ನೋಡು ಶೀತಲ, ಮೈಯಾಗ ರೋಗಾಣು ಓಡಿಸೋ ವಾಚ್‌ಮನ್‌ಗಳು ಇರ್ತಾರ. ಕೆಲವರ ಮೈಯಾಗ ಕಳ್ಳ ಬರದಿದ್ರೂ ಆ ವಾಚ್‌ಮನ್‌ಗಳು ಗದ್ದಲಾ ಮಾಡ್ತಾರ. ಆಗ ಚರ್ಮ ಕೆಂಪಾಗಿ ಉರೀತೈತಿ. ಆ ಸ್ವಭಾವ ಸ್ವಲ್ಪ ಜೀನ್‌ಗಳಿಂದ, ಅಂದ್ರ ಹಿರಿಯಾರಿಂದ ಬರತೈತಿ."

"ಹಂಗಾದ್ರ ನನ್ನ ತಮ್ಮಗೂ ಬರತೈತೇನ್ರಿ?"

"ಬರಬೇಕಂತೇನಿಲ್ಲ. ಅಂಥಾ ಜೀನ್ ಇದ್ದವರಿಗೆಲ್ಲಾ ಈ ರೋಗ ಬರಂಗಿಲ್ಲ. ಮುಲಾಮು ಹಚ್ಕೊಂಡು ಆರಾಮಾಗಿ ಆಡು. ಅಜ್ಜಿ, ನೀವೂ ಕೈ ತೋರಿಸ್ರಿ."

ಆಟೋದಲ್ಲಿ ಶೀತಲ ಕೇಳಿದಳು, "ಅಜ್ಜಿ, ನಿನಗ ಯಾವಾಗಿಂದ ಐತಿ?"

"ನಿನ್ನಷ್ಟಿದ್ದಾಗಿಂದ. ಗೆಳತ್ಯಾರು ದೂರ ಸರಿದ್ರು. ನಾನೂ ಆಟಾ ಬಿಟ್ಟೆ." ಅಜ್ಜಿ ನಕ್ಕುಬಿಟ್ಟಳು. "ಅಂಟಂಗಿಲ್ಲ ಅಂತ ಇವತ್ತ ಗೊತ್ತಾತು ನೋಡು!"

ಸಂಜೆ ಮೈದಾನದಲ್ಲಿ ಸುವರ್ಣಾ ಸಾಲಿನಲ್ಲಿ ಕುಳಿತೇ ಎಲ್ಲವನ್ನೂ ಕೇಳಿ ಕಣ್ಣು ಕಿರಿದು ಮಾಡಿದಳು. "ಡಾಕ್ಟರ್ ಖರೇನ ಹಂಗಂದ್ರಾ?"

"ಖರೇನ!"

"ಹಂಗಾದ್ರ ಖೋ ಕೊಡು! ಎಷ್ಟೊತ್ತು ಕುಂಡ್ರಲಿ?"

ಶೀತಲ ಅವಳ ಬೆನ್ನಿಗೆ ಫಟ್ ಎಂದು ಕೊಟ್ಟಳು. ಆಟ ಶುರುವಾಯಿತು. ಮೈದಾನದಂಚಿನ ಕಟ್ಟೆಯ ಮೇಲೆ ಅಜ್ಜಿ ಮುಂದಕ್ಕೆ ಬಾಗಿ ಕುಳಿತಿದ್ದಳು. ಓಡುವವರ ಹಿಂದೆಯೇ ಅವಳ ಕಣ್ಣೂ ಓಡುತ್ತಿತ್ತು. ಅಜ್ಜಿ ಇಷ್ಟು ವರ್ಷವೂ ಹೀಗೆ ನೋಡುತ್ತಲೇ ಕುಳಿತಿದ್ದಳೆಂದು ಶೀತಲಳಿಗೆ ಆಗ ಹೊಳೆಯಿತು.

ಆಟ ಮುಗಿದದ್ದೇ ಅವಳು ಸದ್ದಿಲ್ಲದೆ ಕಟ್ಟೆಯ ಹಿಂದೆ ಹೋದಳು. ಅಜ್ಜಿಯ ಬೆನ್ನಿನ ಮೇಲೆ ಮೆತ್ತಗೆ ಕೈಯಿಟ್ಟಳು.

"ಖೋ!"

ಅಜ್ಜಿ ಬೆಚ್ಚಿ ತಿರುಗಿ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.