ಭಟ್ಟಿಗೆ ಹೋಗದ ಹೂಜಿ

ಕೆಲಸಕ್ಕೆ ಸೇರಿದ ಮೊದಲ ದಿನವೇ ಪ್ರಮಿಳಾ ಅವನನ್ನು ನೋಡಿ ಬೆಚ್ಚಿದ್ದಳು. ಖಾನಾಪುರದ ಆ ಮಡಿಕೆ ಕಾರ್ಖಾನೆಯಲ್ಲಿ ಒಬ್ಬ ಯುವಕ ಕಣ್ಣು ಮುಚ್ಚಿ, ಸುಡದ ಮಡಿಕೆಯೊಂದನ್ನು ಕೆನ್ನೆಗೆ ಒತ್ತಿಕೊಂಡು ನಿಂತಿದ್ದ!

"ಹುಚ್ಚ ಅಂತ ತಿಳಕೊಂಡ್ರೇನು?" ಅವನು ನಕ್ಕ. "ಕೆನ್ನಿಗೆ ತಣ್ಣಗ ಹತ್ತಿದ್ರ ಒಳಗ ಇನ್ನೂ ನೀರೈತಿ ಅಂತ. ಅಂಥಾದ್ದು ಭಟ್ಟಿಗೆ ಹೋದ್ರ ಒಡದ ಹೋಗತೈತಿ."

ಅವನೇ ಅಮರ. ಬೆಳಗಾವಿಯ ಶಿವಬಸವ ನಗರದಿಂದ ದಿನಾ ಬರುತ್ತಿದ್ದ. ಅವಳು ಪಾರಿಶ್ವಾಡದವಳು, ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಮಾತು ಕಡಿಮೆ, ನೋಡುವುದೇ ಹೆಚ್ಚು.

ಆ ಬೇಸಿಗೆಯಲ್ಲಿ ಇಲ್ಲಿಯ ಕುಂಬಾರಿಕೆ ಕಲಿಯಲು ಸ್ಪೇನ್ ದೇಶದ ಹೆಂಗಸೊಬ್ಬರು ಬಂದಿದ್ದರು. ಎಲ್ಲರಿಗೂ ಅವರು ಕಾರ್ಮೆನ್‌ಬಾಯಿ. ಚಹಾ ಕುದ್ದರೂ "ಲಿಸ್ತೊ", ಮಣ್ಣು ಹದಕ್ಕೆ ಬಂದರೂ "ಲಿಸ್ತೊ". ಜೊತೆಗೆ ಕೆಲಸ ಮಾಡುವ ಮಾಯವ್ವ ಬಿರುಕು ಬಿಡದಂತೆ ಹಿಡಿಕೆ ಕೂಡಿಸಿದಾಗ ಅವಳ ಬೆನ್ನು ತಟ್ಟಿ "ಲಿಸ್ತಾ!" ಎಂದಿದ್ದರು.

"ಒಂದ ಮಾತಿಗೆ ಎಷ್ಟ ಕೆಲಸಾ ಹಚ್ಚತಾರ್ರೀ ಬಾಯಿ?" ಪ್ರಮಿಳಾ ಅಮರನನ್ನು ಮೆಲ್ಲಗೆ ಕೇಳಿದಳು.

"ನಾನೂ ಕೇಳೇನಿ. ತಯಾರಾಗೈತಿ ಅನ್ನಾಕೂ ಅದ, ಶಾಣ್ಯಾ, ಜಾಣ ಅನ್ನಾಕೂ ಅದ. ಕೆಲಸಾ ಮುಗದ್ರ 'ಆತು' ಅನ್ನಾಕೂ ಅದ. ಗಂಡಸಿಗೆ ಲಿಸ್ತೊ, ಹೆಣಮಗಳಿಗೆ ಲಿಸ್ತಾ."

ಅವಳು ಕೈಯ ಮಣ್ಣು ಒರೆಸಿಕೊಂಡಳು. "ಹಂಗಾರ... ನನಗ ಯಾವ ಅರ್ಥ ಹೊಂದತೈತ್ರಿ?"

ಅಮರ ತಲೆ ತಗ್ಗಿಸಿದ. ಮತ್ತೆ ಮಣ್ಣು ನಾದತೊಡಗಿದ.

'ಸಾಲಿ ಬಿಟ್ಟಾಕಿಗೆ ಶಾಣ್ಯಾಕಿ ಅನ್ನಾಕ ಬಾಯಿ ಬರೂದಿಲ್ಲ...' ಅವಳಿಗೆ ಹಾಗೇ ಅನಿಸಿತು.

ಮರುದಿನ ಭಟ್ಟಿ ತುಂಬುವ ದಿನ. ಕಾರ್ಮೆನ್‌ಬಾಯಿ ಪ್ರತಿಯೊಬ್ಬರ ಒಂದೊಂದು ಪಾತ್ರೆಯನ್ನು ತಮ್ಮ ಊರಿಗೆ ಒಯ್ಯುವವರಿದ್ದರು. ಪ್ರಮಿಳಾ ಹನ್ನೆರಡು ದಿನ ತಿದ್ದಿ ತೀಡಿದ ಹೂಜಿಯೂ ಸಾಲಿನಲ್ಲಿತ್ತು. ಬಾಗಿಲಿಗೆ ಬಂದವಳು ಅಲ್ಲೇ ನಿಂತಳು... ಅಮರ ಅವಳ ಹೂಜಿಯನ್ನು ಸಾಲಿನಿಂದ ತೆಗೆದು, ಒಡಕು ಮಡಿಕೆಗಳ ಮೂಲೆಗೆ ಇಡುತ್ತಿದ್ದ!

ಅವಳು ಒಳಗೆ ಕಾಲಿಡದೆ ಮನೆಗೆ ಹಿಂದಿರುಗಿದಳು.

"ಐತವಾರ ಕಾಕತಿ ಗಂಡಿನ ಕಡೆಯವರು ನಿನ್ನ ನೋಡಾಕ ಬರತಾರಂತ. ಏನ್ ಹೇಳ್ಲಿ?" ತಾಯಿ ಅಕ್ಕವ್ವ ಕೇಳಿದಳು.

"ಬರ್ಲಿ ಬಿಡವ್ವ."

ನಾಲ್ಕು ದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಶನಿವಾರ ಬೆಳಿಗ್ಗೆ ಹೂಜಿಯನ್ನಾದರೂ ತರೋಣವೆಂದು ಹೋದಳು. ಕಾರ್ಮೆನ್‌ಬಾಯಿ ಹಿಂದಿನ ದಿನವೇ ಹೊರಟುಹೋಗಿದ್ದರು. ಮೂಲೆಯ ಕಿಟಕಿಯ ಕೆಳಗೆ, ಹಲಗೆಯ ಮೇಲೆ ಅವಳ ಹೂಜಿ ಒಂದೇ ಇತ್ತು. ಅಮರ ಅದನ್ನು ಮೆಲ್ಲಗೆ ತಿರುಗಿಸುತ್ತಿದ್ದ.

"ಎಲ್ಲಿ ಹೋಗಿದ್ರಿ?" ಅವನು ಅವಸರದಿಂದ ಕೇಳಿದ.

"ಒಡಕಿನ್ಯಾಗ ಒಗದದ್ದನ್ನ ಒಯ್ಯಾಕ ಬಂದೇನಿ."

"ಒಗದದ್ದು? ತಳ ದಪ್ಪ ಆಗಿತ್ರೀ... ಕೆನ್ನಿಗೆ ತಣ್ಣಗ ಹತ್ತಿತು. ಇಲ್ಲಿ ಗಾಳಿ ಬರತೈತಿ, ಮಂದೀನೂ ಕೈ ಹಚ್ಚೂದಿಲ್ಲ. ದಿನಾ ತಿರುಗಿಸಿ ಇಟ್ಟೇನಿ."

ಅವಳ ಕಣ್ಣು ತುಂಬಿತು. "ಅವತ್ತ ನನ್ನ ಮಾತಿಗೆ ಯಾಕ ಸುಮ್ಮನಾದ್ರಿ?"

"ಶಾಣ್ಯಾಕಿ ಅಂತ ಮೊದಲನೇ ದಿನಾನ ಗೊತ್ತಾಗಿತ್ತು. ಇನ್ನೊಂದನ್ನ ನಾ ಹೆಂಗ ಹೇಳ್ಲಿ? ನನ್ನ ಜೋಡಿ ಬಾಳೇ ಮಾಡಾಕ ತಯಾರದೀರೋ ಇಲ್ಲೋ... ಅದನ್ನ ನೀವ ಹೇಳಬೇಕಲ್ಲ?"

"ನಾಳೆ ಕಾಕತಿಯವರು ನನ್ನ ನೋಡಾಕ ಬರತಾರ."

ಅವನ ಮುಖ ಬಾಡಿತು. ಹೂಜಿಯನ್ನು ಅವಳ ಕೈಗಿಟ್ಟ.

ಪ್ರಮಿಳಾ ಕಣ್ಣು ಮುಚ್ಚಿ ಅದನ್ನು ಕೆನ್ನೆಗೆ ಒತ್ತಿಕೊಂಡಳು. ತಣ್ಣಗಿರಲಿಲ್ಲ. ಎಲ್ಲಿಯೂ ತಣ್ಣಗಿರಲಿಲ್ಲ.

"ಸಂಜಿ ಐದಕ್ಕ ಪಾರಿಶ್ವಾಡದ ಬಸ್ಸೈತಿ," ಎಂದಳು. "ನಿಮ್ಮ ಅವ್ವನ್ನ ಕರಕೊಂಡ ಬರ್ರಿ."

"ಇವತ್ತನ?"

"ಲಿಸ್ತಾ," ಎಂದಳು, ಅವನ ಕಣ್ಣನ್ನೇ ನೋಡುತ್ತ.

ಅಮರ ಅವಳತ್ತ ಒಂದು ಹೆಜ್ಜೆ ಇಟ್ಟ.

"ಪ್ರಮಿಳಾ... ಹೂಜಿ ಇಲ್ಲೇ ಬಿಡು. ಮುಂದಿನ ಭಟ್ಟಿಗೆ ನಾನ ಇಡತೇನಿ."

"ಇಬ್ಬರೂ ಕೂಡೇ ಇಡೂಣ್ರೀ."