ದೇವಿಯ ಬಾಯಿ ಕಟ್ಟಿದ ಬಾಡದ ಹೂವು

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಂದಿರದ ಕಾಲದಲ್ಲಿ, ಕೇದಗೆಪಟ್ಟಣ ಅಂತ ಒಂದು ರಾಜ್ಯವಿತ್ತು. ರಾಜ ಒಳ್ಳೆಯವನೇ, ಆದರೆ ರಾಣಿ ಎಳೆದ ಗೆರೆ ದಾಟುವವನಲ್ಲ. ರಾಣಿ ಸುಗಂಧಿನಿಗೆ ಒಂದೇ ಹುಚ್ಚು: ಮುಡಿದ ಹೂ ಬಾಡಬಾರದು.

ಆ ಹುಚ್ಚಿನ ವಾಸನೆ ಹಿಡಿದೇ ಎಣ್ಣೆಗಣ್ಣನೆಂಬ ಮಾಂತ್ರಿಕ ಬಂದ. ಭೂಮಿಯ ಹೊಟ್ಟೆ ಕೊರೆದು ಕರಿ ಎಣ್ಣೆ ತೆಗೆದ, ಕಾಯಿಸಿದ, ಪಾಕದಂತೆ ಎಳೆದ, ಅಚ್ಚಿಗೆ ಹೊಯ್ದ. ಬಾಡದ ಮಲ್ಲಿಗೆ ಬಂತು, ಗುಲಾಬಿ ಬಂತು, ಮನೆಮನೆಗೆ ಚೀಲ, ಹಾಳೆ, ಬಿಂದಿಗೆ ಬಂದವು. ನಾವೀಗ ಪ್ಲಾಸ್ಟಿಕ್ ಅನ್ನುತ್ತೇವಲ್ಲ, ಅದರ ಮುತ್ತಾತ. ರಾಣಿ ಒಂದೇ ದಂಡೆಯನ್ನು ಮೂರು ಮದುವೆಗೂ ಒಂದು ತೊಟ್ಟಿಲ ಶಾಸ್ತ್ರಕ್ಕೂ ಮುಡಿದಳು. ದಂಡೆಯಡಿ ಹೇನು ಸಂಸಾರ ಹೂಡಿದ್ದವೆಂದು ತಲೆ ಬಾಚುವ ದಾಸಿಯೇ ಬಾವಿಕಟ್ಟೆಯಲ್ಲಿ ಹೇಳಿದ್ದು, ಸುಳ್ಳಿರಲಾರದು.

ಬೇಡವಾದದ್ದನ್ನು ಜನ ಎಸೆದರು. ಮಣ್ಣು ಅದನ್ನು ತಿನ್ನಲಿಲ್ಲ. ಹೊಲ ಮುಚ್ಚಿತು, ಹೊಳೆ ಕಟ್ಟಿತು, ನಿಜದ ಹೂವೊಂದೂ ಉಳಿಯಲಿಲ್ಲ. ಆಗ ಮಾಂತ್ರಿಕ, ಇಷ್ಟೆಲ್ಲ ಕೊಟ್ಟದ್ದಕ್ಕೆ ರಾಜಕುಮಾರಿ ಇರುವಂತಿಯನ್ನು ನನಗೆ ಮದುವೆ ಮಾಡಿಕೊಡಿ ಎಂದ. ರಾಜ ಹೆದರಿ, ಪದ್ಧತಿಯಂತೆ ಊರದೇವಿಯನ್ನು ಕೇಳೋಣ ಎಂದ. ದೇವಿಯ ಮುಡಿಯಿಂದ ಹೂ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ.

"ಸಂಜೆಯೊಳಗೆ ಬೀಳದಿದ್ದರೆ ಮೌನವೇ ಒಪ್ಪಿಗೆ," ಎಂದು ನಕ್ಕ ಎಣ್ಣೆಗಣ್ಣ. ನಗದೆ ಏನು? ದೇವಿಯ ಮುಡಿಯಲ್ಲಿದ್ದದ್ದೂ ಅವನದೇ ಹೂ, ತಂತಿ ಬಿಗಿದದ್ದು. ಬೀಳುವುದೆಲ್ಲಿಂದ? ದೇವಿಯ ಬಾಯಿಯೇ ಕಟ್ಟಿತ್ತು.

ಇರುವಂತಿಗೆ ಇದು ಹೊಳೆದದ್ದೇ ತಡ, ನಿಜದ ಹೂ ಹುಡುಕಿ ಓಡಿದಳು.

ಹೊಳೆಯಲ್ಲಿ ಒಂದು ಆಮೆಯ ಕೊರಳಿಗೆ ಪ್ಲಾಸ್ಟಿಕ್ ಬಳೆ ಸಿಕ್ಕಿ ಉಸಿರು ಕಟ್ಟಿತ್ತು. ಹಲ್ಲಿನಲ್ಲಿ ಕಡಿದು ಬಿಡಿಸಿದಳು. ಆಮೆ ಕಪ್ಪೆಚಿಪ್ಪಿನ ತುಂಬ ತಿಳಿನೀರು ಕೊಟ್ಟಿತು.

ಬಯಲಲ್ಲಿ ಹೊಟ್ಟೆಯುಬ್ಬಿದ ಹಸು ನರಳುತ್ತಿತ್ತು. ಗಂಟಲಿಗೆ ಕೈಹಾಕಿ ಎಳೆದಳು, ಎಳೆದಳು. ರಾಣಿಯ ತವರಿನ ಬಡಾಯಿಯಂತೆ ಹಾಳೆ ಮುಗಿಯಲೇ ಇಲ್ಲ. ಕೊನೆಗೆ ಹಸು ಹಗುರಾಗಿ ಸೆಗಣಿ ಕೊಟ್ಟಿತು.

ಬೆಟ್ಟದಡಿ ಎರೆಹುಳಗಳ ಅರಸ ಹಾಳೆಯ ಕೆಳಗೆ ಸಿಕ್ಕಿಬಿದ್ದಿದ್ದ. ಉಗುರಲ್ಲಿ ರಕ್ತ ಬರುವವರೆಗೆ ಹಾಳೆ ಸುಲಿದಳು.

"ತಂಗೀ, ನಿಮ್ಮಮ್ಮನ ತಲೆಗಿಂತ ಈ ನೆಲವೇ ವಾಸಿ. ಇದರೊಳಗೆ ಇನ್ನೂ ಒಂದು ಬೀಜವಿದೆ," ಎಂದ ಅರಸ.

ಬೀಜಕ್ಕೆ ಸೆಗಣಿ ಹಾಕಿ ನೀರೆರೆದಳು. ನೋಡನೋಡುತ್ತಲೇ ಮೊಳಕೆ ಬಂತು, ಗಿಡವಾಯಿತು, ಒಂದೇ ಒಂದು ತುಂಬೆ ಹೂ ಬಿಟ್ಟಿತು, ಅಕ್ಕಿಕಾಳಿನಷ್ಟು.

ಹೊತ್ತು ಮುಳುಗುವ ಮುನ್ನ ಗುಡಿಗೆ ಬಂದು ಅದನ್ನು ದೇವಿಯ ಮುಡಿಗಿಟ್ಟಳು. ಕೈ ತೆಗೆದಳೋ ಇಲ್ಲವೋ, ಹೂ ಎಡಕ್ಕೆ ಬಿತ್ತು. ಎಷ್ಟು ದಿನದ ಮಾತು ಒಳಗಿತ್ತೋ.

"ಬಾಡುವ ಹೂವಿನ ಮಾತು ನಂಬುತ್ತೀರಾ? ನನ್ನ ಕೈಯಲ್ಲಿ ಯಾವುದೂ ಬಾಡದು," ಎಂದು ಮಾಂತ್ರಿಕ ಅದನ್ನೆತ್ತಿ ಹಿಡಿದ.

"ಹಿಡಿದೇ ಇರಪ್ಪ, ನೋಡೋಣ," ಎಂದಳು ಇರುವಂತಿ.

ಎಲ್ಲರ ಕಣ್ಣೆದುರೇ ತುಂಬೆ ಬಾಡಿತು. ಅವನ ಮಾತು ಸುಳ್ಳಾದದ್ದೇ ಮಂತ್ರ ಮುರಿಯಿತು. ಚೀಲ, ಹಾಳೆ, ಬಿಂದಿಗೆ, ಬಾಡದ ಹೂವೆಲ್ಲ ಕರಗಿ ಕರಿ ಎಣ್ಣೆಯಾಗಿ, ಬಂದ ಬಿಲಕ್ಕೇ ಇಳಿದವು. ಎಣ್ಣೆಗಣ್ಣನೂ ಅದರ ಜೊತೆ ಜಾರಿಹೋದ. ರಾಣಿಯ ದಂಡೆಯೂ ಕರಗಿತು, ತುಂಬಿದ ಗುಡಿಯಲ್ಲಿ, ರೇಷ್ಮೆ ಸೀರೆಯ ಮೇಲೆ. ಆ ತಲೆ ತೊಳೆಯಲು ಒಂದು ಗಾಡಿ ಸೀಗೆಕಾಯಿ ಸಾಲಲಿಲ್ಲವಂತೆ.

ಹೊಳೆ ಹರಿಯಿತು, ಹೊಲ ಹೂ ಬಿಟ್ಟಿತು. ಇರುವಂತಿ ರಾಜ್ಯವಾಳಿದಳು, ಎಲ್ಲರೂ ಸುಖವಾಗಿದ್ದರು. ರಾಣಿಯೂ ಬೆಳಗ್ಗೆ ತುಂಬೆ ಮುಡಿದು, ಸಂಜೆ ಬಾಡಿದ್ದನ್ನು ತಾನೇ ಗಿಡದ ಬುಡಕ್ಕೆ ಹಾಕುತ್ತಿದ್ದಳು. ಬಾವಿಕಟ್ಟೆಯವರಿಗೆ ಮಾತ್ರ ಸ್ವಲ್ಪ ದಿನ ಮಾತಿಗೆ ಬರ ಬಂತು.