ಹಿಂದಿನ ಸೈಕಲ್ಲು

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಅಕ್ಕನ ಗಂಡನ ಸೈಕಲ್ಲು ಪಂಕ್ಚರಾಯಿತು. ಸರೋವರದಂಚಿನ ಜಲ್ಲಿ ದಾರಿಯಲ್ಲಿ ಮುಂದಿದ್ದ ನನಗೆ ಅದು ಗೊತ್ತಾಗಲಿಲ್ಲ. ಜೊತೆಯಾಗಿ ಸೈಕಲ್ ತುಳಿಯುವಾಗ ನಮ್ಮ ರೂಢಿ ಇದು: ಮುಂದಿನವನು ಗುಂಡಿ ಕಂಡರೆ ಕೂಗಬೇಕು, ಹಿಂದಿನವನು ಅದನ್ನೇ ಮರಳಿ ಹೇಳಬೇಕು. ಅಲ್ಲಿಂದಾಚೆಗಿನ ಆರು ಕಿಲೋಮೀಟರ್ ಉದ್ದಕ್ಕೂ ನಾನು "ಎಡಕ್ಕೆ ಗುಂಡಿ" ಎಂದಾಗಲೆಲ್ಲ ಭಾವನ ದನಿ ಹಾಗೆಯೇ ಮರಳಿ ಹೇಳಿತು. ಆದರೆ ಜಲ್ಲಿ ಸರಿಯುವ ಸದ್ದು ನನ್ನ ಸೈಕಲ್ಲಿನದೊಂದೇ.

ಫೋನ್ ಬಂತು. "ಎಲ್ಲಿ ಹಾಳಾಗಿ ಹೋದೆಯೋ ಭಾಮೈದ? ಪಂಪು ನಿನ್ನ ಹತ್ರ ಇದೆ," ಎಂದರು ಭಾವ.

"ಅಲ್ಲೇ ಇರಿ ಭಾವ, ಬರ್ತೀನಿ," ಎಂದೆ.

"ಅಲ್ಲೇ ಇರಿ ಭಾವ, ಬರ್ತೀನಿ," ಎಂದಿತು ಬೆನ್ನ ಹಿಂದಿನ ದನಿ. ಈ ಸಲ ಅದು ನನ್ನದೇ ದನಿಯಾಗಿತ್ತು.

ತಿರುಗಿ ನೋಡಿದರೆ ಯಾರೂ ಇಲ್ಲ. ವಾಪಸ್ ಹೋದಾಗ ಭಾವನ ಸೈಕಲ್ಲು ಮಾತ್ರ ಇತ್ತು. ದಡದಲ್ಲಿ ಮೀನು ಹಿಡಿಯುತ್ತಿದ್ದವನು, "ಆಗಲೇ ಅವರನ್ನ ಕರ್ಕೊಂಡು ಹೋದ್ರಲ್ಲ ನೀವು?" ಎಂದ.

ಪೊಲೀಸರಿಗೂ ಅದನ್ನೇ ಹೇಳಿದ. ಅಕ್ಕ ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ.